ಪರಸಿಯ ಬಲ ಹಾಸಿನಲ್ಲಿ

ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಭಾಗದಲ್ಲಿ ಪರಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲಿನ ಹಲಗೆ, ಹಾಸದ ಮನೆ ಅಪರೂಪ. ಮೂಲೆ ಮುರಿದ ಪರಸಿಯೂ ಅಷ್ಟೇ ಸಾಮಾನ್ಯ. ಕಲ್ಲೇ ಕಚ್ಚಾ ಇತ್ತು ಎಂದು ಖಣಿಯವರನ್ನು ದೂರುತ್ತೇವೆ. ಆದರೆ ಮುರಿದ ತುಂಡನ್ನು ಎತ್ತಿ ನೋಡಿದರೆ ಬಹಳ ಸಲ ಅದರಡಿ ಬರೀ ಪೊಳ್ಳು ಇರುತ್ತದೆ. ತಮ್ಮ ಅಂಗಳಕ್ಕೆ ತಾವೇ ಮೊದಲ ಸಲ ಪರಸಿ ಹಾಸಲು ಹೊರಟವರು ಕಲ್ಲಿಗಿಂತ ಹೆಚ್ಚು ಗಮನ ಕೊಡಬೇಕಾದದ್ದು ಅದರ ಕೆಳಗಿನ ಒಂದಿಂಚು ಸಿಮೆಂಟ್ ಮಾಲಿಗೆ.

ಈ ಕಲ್ಲು ಭೀಮಾ ಕೊಳ್ಳದ ಸುಣ್ಣಕಲ್ಲು. ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿದ್ದ ಆಳವಿಲ್ಲದ ಸಮುದ್ರದ ತಳದಲ್ಲಿ ಸುಣ್ಣದ ನುಣ್ಣನೆಯ ಕೆಸರು ಪದರ ಪದರವಾಗಿ ಕೂತು ಗಟ್ಟಿಯಾಯಿತು. ಪದರಗಳು ಇಂದಿಗೂ ಹೆಚ್ಚುಕಡಿಮೆ ಮಟ್ಟಸವಾಗಿಯೇ ಇರುವುದರಿಂದ ಸಲಾಕಿ ಹಾಕಿ ಎಬ್ಬಿಸಿದರೆ ಹಲಗೆ ಹಲಗೆಯಾಗಿ ಬಿಟ್ಟುಕೊಳ್ಳುತ್ತದೆ. ಆದರೆ ಪಾಲಿಶ್ ಬೀಳುವುದು ಮೇಲ್ಮೈಗೆ ಮಾತ್ರ. ಕೆಳಮೈ ನೆಲದಿಂದ ಎದ್ದ ಹಾಗೆಯೇ ತಗ್ಗುದಿನ್ನೆಯಾಗಿ ಉಳಿಯುತ್ತದೆ.

ತೊಂದರೆ ಶುರುವಾಗುವುದೇ ಇಲ್ಲಿ. ಕಲ್ಲು ಅದುಮಿದರೆ ಜಗ್ಗುವುದಿಲ್ಲ, ಆದರೆ ಎಳೆತ ತಾಳದು. ಕೆಳಗೆ ಪೊಳ್ಳಿದ್ದ ಕಡೆ ಭಾರ ಬಿದ್ದರೆ ಪರಸಿ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆಗ ಅದರ ಒಂದು ಮೈ ಹಿಗ್ಗಿ ಎಳೆತಕ್ಕೆ ಸಿಕ್ಕು ಬಿರುಕು ಬಿಡುತ್ತದೆ. ದಪ್ಪ ಅರ್ಧಕ್ಕಿಳಿದರೆ ಈ ಎಳೆತ ನಾಲ್ಕು ಪಟ್ಟಾಗುತ್ತದೆ. ನಾಲ್ಕು ಮೂಲೆಗೆ, ನಡುವೆ ಒಂದೊಂದು ಮುದ್ದೆ ಮಾಲು ಇಟ್ಟು ಕಲ್ಲು ಕೂರಿಸುವ ಅಡ್ಡದಾರಿ ಅದಕ್ಕೇ ಅಪಾಯಕಾರಿ. ಮುದ್ದೆಗಳ ನಡುವಿನ ಜಾಗವೆಲ್ಲ ಗಾಳಿ. ಗ್ಯಾಸ್ ಸಿಲಿಂಡರ್ ಒಮ್ಮೆ ದಪ್ಪನೆ ಇಟ್ಟರೆ ಸಾಕು.

ಗುರಿ ಹೊಡೆಯುವ ರೈಫಲ್‌ಗೂ ಇದೇ ಚಿಂತೆ. ಅದರ ಲೋಹದ ಭಾಗ ಮರದ ದಿಂಡಿನಲ್ಲಿ ಸರಿಯಾಗಿ ಕೂರದಿದ್ದರೆ ಪ್ರತಿ ಗುಂಡಿಗೂ ಚೂರು ಜರುಗಿ ಗುರಿ ಕೆಡುತ್ತದೆ. ಹಾಗಾಗಿ ಸಂದಿಗೆ ಎಪಾಕ್ಸಿ ತುಂಬಿ ಕೂರಿಸುತ್ತಾರೆ. ಪರಸಿಗೆ ಆ ಕೆಲಸ ಮಾಡುವುದು ಸಿಮೆಂಟ್ ಮಾಲು. ಆ ಸಿಮೆಂಟ್ ಕೂಡ ಬಹುಪಾಲು ಇದೇ ಸೀಮೆಯ ಸುಣ್ಣಕಲ್ಲೇ: ವಾಡಿ, ಸೇಡಂ ಕಡೆಯ ಗೂಡುಗಳಲ್ಲಿ ಸುಮಾರು 1450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು ಬಂದದ್ದು.

ಒಂದು ಪಾಲು ಸಿಮೆಂಟಿಗೆ ಆರು ಪಾಲು ಉಸುಕು ಸಾಕು. ನೀರು ಮಾತ್ರ ಹಿಡಿತದಲ್ಲಿರಲಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ನೀರು ಹೆಚ್ಚಾದರೆ ಅದು ಆರಿದ ಮೇಲೆ ಮಾಲು ಕುಗ್ಗಿ ಕಲ್ಲಿನಡಿ ಮತ್ತೆ ಸಂದಿ ಉಳಿಯುತ್ತದೆ. ಕಲ್ಲಿನ ಬೆನ್ನಿಗೆ ಅಂಟಿದ ಧೂಳು ತೊಳೆದು ನೆನೆಸಿಕೊಳ್ಳಿ. ಒಣಗಿದ ಕಲ್ಲು ಸಿಮೆಂಟಿನ ನೀರನ್ನು ಹೀರಿಕೊಂಡರೆ ಹಿಡಿತ ಬರುವುದಿಲ್ಲ.

ಈಗ ನನಗೆ ಬಹಳ ಮುಖ್ಯ ಅನ್ನಿಸುವ ಹೆಜ್ಜೆ. ಮಾಲು ಹರಡಿ, ಪರಸಿ ಇಟ್ಟು, ಮರದ ಕೊಡತಿಯಿಂದ ತಟ್ಟಿ ರಸಮಟ್ಟ ನೋಡಿ. ಅಷ್ಟಕ್ಕೇ ಬಿಡದೆ ಕಲ್ಲನ್ನು ಮೆಲ್ಲಗೆ ಎತ್ತಿ. ಒತ್ತು ಬಿದ್ದ ಕಡೆ ಮಾಲಿನ ಮೈ ನುಣುಪಾಗಿ ಮಿರುಗುತ್ತದೆ, ಬೀಳದ ಕಡೆ ಉಸುಕು ಹರಳು ಹರಳಾಗಿ ಸಡಿಲವಾಗಿಯೇ ಇರುತ್ತದೆ. ಕಲ್ಲಿನ ಬೆನ್ನಿನ ತಗ್ಗೆಲ್ಲ ಅಲ್ಲಿ ಅಚ್ಚಾಗಿ ಕಾಣುತ್ತದೆ. ಆ ಸಡಿಲ ಜಾಗಕ್ಕೆ ಹಿಡಿ ಮಾಲು ಉದುರಿಸಿ, ಮೇಲೆ ಸಿಮೆಂಟ್ ಹಾಲು ಸುರಿದು, ಗಾಳಿ ಹೊರಬೀಳುವಂತೆ ಒಂದು ಅಂಚಿನಿಂದ ಕಲ್ಲನ್ನು ಇಳಿಸಿ. ಅನುಭವಿ ಗೌಂಡಿ ಹೀಗೆ ಎತ್ತಿ ನೋಡುವುದನ್ನು ಹೊತ್ತು ಕಳೆಯುವುದು ಎಂದುಕೊಳ್ಳಬೇಡಿ. ಇಡೀ ಕೆಲಸದ ಗಟ್ಟಿತನ ಆ ಒಂದು ನಿಮಿಷದಲ್ಲಿದೆ.

ಒಂದು ವಾರ ಒದ್ದೆ ಗೋಣಿ ಹೊದಿಸಿ ನೀರುಣಿಸಿ. ಆಮೇಲೆ ನಾಣ್ಯದಿಂದ ತಟ್ಟುತ್ತ ಹೋಗಿ. ತುಂಬಿದ ಹಾಸಿನ ಮೇಲೆ ಕಂಪನ ನೆಲಕ್ಕಿಳಿದು ಸದ್ದು ಅಲ್ಲೇ ಅಡಗುತ್ತದೆ. ಪೊಳ್ಳಿನ ಮೇಲೆ ಕಲ್ಲು ತಾನೇ ನಡುಗಿ ಸದ್ದು ದೊಡ್ಡದಾಗುತ್ತದೆ. ಸಿಮೆಂಟ್ ಕಲೆಗಳನ್ನು ಹಸಿಯಿದ್ದಾಗಲೇ ಒರೆಸಿಬಿಡಿ. ಒಣಗಿದ ಮೇಲೆ ಆಸಿಡ್ ಸುರಿದರೆ ಕಲೆಯ ಜೊತೆಗೆ ಸುಣ್ಣಕಲ್ಲೂ ನೊರೆಯೆದ್ದು ಕರಗಿ, ಪಾಲಿಶ್ ಹಾಳಾಗುತ್ತದೆ.