ಉಸಿರಿನ ದಾರಿ ತೆರೆದಿರಲಿ: ತೀವ್ರ ಅಸ್ವಸ್ಥರಿಗೆ ಉಸಿರಾಟದ ನೆರವು

ಗುಬ್ಬಿಯಿಂದ ತುಮಕೂರು ನಗರದ ಜಿಲ್ಲಾ ಆಸ್ಪತ್ರೆಗೆ ಸುಮಾರು 20 ಕಿ.ಮೀ.; ಕುಣಿಗಲ್‌ನಿಂದ ಸುಮಾರು 35 ಕಿ.ಮೀ. ಒಳಗ್ರಾಮಗಳಿಂದ ಈ ಅಂತರ ಇನ್ನೂ ಹೆಚ್ಚು. ಉಸಿರು ನಿಂತ ವ್ಯಕ್ತಿಯ ಮಿದುಳಾದರೋ 4ರಿಂದ 6 ನಿಮಿಷಗಳಲ್ಲಿಯೇ ಹಾನಿಗೊಳಗಾಗತೊಡಗುತ್ತದೆ. ಆದುದರಿಂದ ವೆಂಟಿಲೇಟರ್ ದೊರೆಯುವವರೆಗೆ ರೋಗಿಯ ಉಸಿರಿನ ದಾರಿಯನ್ನು ತೆರೆದಿಡುವ ಹೊಣೆ ಮೊದಲು ಹತ್ತಿರವಿದ್ದವರದು, ಅನಂತರ ಆಂಬ್ಯುಲೆನ್ಸ್ ಹಾಗೂ ತಾಲ್ಲೂಕು ಆಸ್ಪತ್ರೆಯ ಸಿಬ್ಬಂದಿಯದು. ಗ್ರಾಮ ಪಂಚಾಯಿತಿ ಸದಸ್ಯರು, ಆಶಾ ಕಾರ್ಯಕರ್ತೆಯರು ಮತ್ತು ಸಾರ್ವಜನಿಕರ ತಿಳಿವಳಿಕೆಗಾಗಿ ಈ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ದಾರಿ ಮುಚ್ಚುವುದು ಹೇಗೆ?

ಪ್ರಜ್ಞೆ ತಪ್ಪಿದಾಗ ನಾಲಿಗೆ ಸಡಿಲಗೊಂಡು ಗಂಟಲಿನ ಹಿಂಭಾಗಕ್ಕೆ ಜಾರುತ್ತದೆ. ನುಂಗುವ, ಕೆಮ್ಮುವ ಶಕ್ತಿ ಕುಂದುವುದರಿಂದ ಜೊಲ್ಲು, ವಾಂತಿ, ರಕ್ತ ಶ್ವಾಸನಾಳಕ್ಕೆ ಇಳಿಯುತ್ತವೆ. ಇಂತಹವರನ್ನು ಅಂಗಾತ ಮಲಗಿಸಿ, ತಲೆಗೆ ದಿಂಬಿಟ್ಟು, ಬಾಯಿಗೆ ನೀರು ಹಾಕುವುದು ಕರುಣೆಯಿಂದ ಬಂದ ರೂಢಿ. ಆದರೆ ದಿಂಬು ಕತ್ತನ್ನು ಬಾಗಿಸಿ ದಾರಿಯನ್ನು ಕಿರಿದಾಗಿಸುತ್ತದೆ; ನೀರು ಶ್ವಾಸಕೋಶವನ್ನು ಸೇರುತ್ತದೆ. ಈ ರೂಢಿಯನ್ನು ಕೈಬಿಡತಕ್ಕದ್ದು.

ಹತ್ತಿರವಿದ್ದವರು ಮಾಡಬೇಕಾದುದು

1. ಕೂಡಲೇ 108ಕ್ಕೆ ಕರೆ ಮಾಡುವುದು.

2. ಪ್ರಜ್ಞೆಯಿಲ್ಲದೆ ಉಸಿರಾಡುತ್ತಿರುವವರನ್ನು ಎಡಮಗ್ಗುಲಿಗೆ ತಿರುಗಿಸಿ, ಬಾಯಿ ಕೆಳಮುಖವಾಗುವಂತೆ ಮಲಗಿಸುವುದು.

3. ಪ್ರಜ್ಞೆಯಿದ್ದು ಏದುಸಿರು ಬಿಡುತ್ತಿರುವವರನ್ನು ಮಲಗಿಸದೆ ಒರಗಿಸಿ ಕುಳ್ಳಿರಿಸುವುದು.

4. ಪ್ರಜ್ಞೆಯೂ ಉಸಿರೂ ಇಲ್ಲದಿದ್ದರೆ ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂ.ಮೀ. ಆಳಕ್ಕೆ ಒತ್ತುತ್ತಿರುವುದು.

5. ರಸ್ತೆ ಅಪಘಾತದ ಗಾಯಾಳುವಿನ ತಲೆ, ಕತ್ತು, ಮೈಯನ್ನು ಒಟ್ಟಾಗಿಯೇ ಹೊರಳಿಸುವುದು, ಕತ್ತನ್ನು ತಿರುಚಬಾರದು. ಸದುದ್ದೇಶದಿಂದ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಮಿನ ರಕ್ಷಣೆಯಿದೆ, ಹೆದರಬೇಕಾಗಿಲ್ಲ.

ಆಸ್ಪತ್ರೆಯಲ್ಲಿ ಮತ್ತು ದಾರಿಯಲ್ಲಿ

ಮೊದಲು ಸಕ್ಷನ್ ಯಂತ್ರದಿಂದ ಗಂಟಲನ್ನು ಶುಚಿಗೊಳಿಸಿ, ಗದ್ದವನ್ನು ಮೇಲೆತ್ತಿ ದಾರಿಯನ್ನು ತೆರೆಯಲಾಗುತ್ತದೆ. ಬಳಿಕ ಅಗತ್ಯಕ್ಕೆ ತಕ್ಕಂತೆ ಮೂಗಿನ ಕೊಳವೆ ಅಥವಾ ಮಾಸ್ಕ್ ಮೂಲಕ ಆಮ್ಲಜನಕ ನೀಡಲಾಗುತ್ತದೆ. ಉಸಿರು ಸಾಲದಾದಾಗ ಆಂಬು ಬ್ಯಾಗನ್ನು ಕೈಯಿಂದ ಒತ್ತಿ ಗಾಳಿ ತುಂಬಲಾಗುತ್ತದೆ. ರೋಗಿಯನ್ನು ಈ ಬಗೆಯಲ್ಲಿ ಸ್ಥಿರಗೊಳಿಸಿದ ಬಳಿಕವೇ ಜಿಲ್ಲಾ ಕೇಂದ್ರಕ್ಕೆ ಕಳುಹಿಸುವುದು ಸರಿಯಾದ ಕ್ರಮ. ಇದನ್ನು ವಿಳಂಬವೆಂದು ಬಂಧುಗಳು ಭಾವಿಸಬಾರದು. ಸಿಲಿಂಡರಿನ ಲೆಕ್ಕವನ್ನೂ ನೋಡಬೇಕು: 1,500 ಲೀಟರ್ ಆಮ್ಲಜನಕವಿರುವ ತುಂಬಿದ ಸಿಲಿಂಡರು ನಿಮಿಷಕ್ಕೆ 10 ಲೀಟರಿನಂತೆ 150 ನಿಮಿಷ ಬರುತ್ತದೆ; ಅರ್ಧ ಖಾಲಿಯಾಗಿದ್ದರೆ 75 ನಿಮಿಷ ಮಾತ್ರ.

ಹಾವು ಕಡಿತ ಮತ್ತು ಕೀಟನಾಶಕ

ನಾಗರಹಾವು ಹಾಗೂ ಕಟ್ಟುಹಾವಿನ ವಿಷವು ಉಸಿರಾಟದ ಸ್ನಾಯುಗಳನ್ನು ನಿಶ್ಚೇಷ್ಟಗೊಳಿಸುತ್ತದೆ. ರೆಪ್ಪೆ ಜೋಲುವುದು, ಮಾತು ತೊದಲುವುದು ಮೊದಲ ಸೂಚನೆಗಳು. ಈ ನಿಶ್ಚೇಷ್ಟತೆ ಶಾಶ್ವತವಲ್ಲ. ಹಾವಿನ ವಿಷದ ಚುಚ್ಚುಮದ್ದಿನೊಡನೆ ಉಸಿರಾಟಕ್ಕೂ ನೆರವು ದೊರೆತರೆ ಕೆಲವು ಗಂಟೆ ಅಥವಾ ದಿನಗಳಲ್ಲಿ ಸ್ವಂತ ಉಸಿರು ಮರಳುತ್ತದೆ. ಮಂತ್ರ, ನಾಟಿ ಔಷಧಿಗಳಲ್ಲಿ ಕಳೆಯುವ ಸಮಯವೇ ಜೀವಕ್ಕೆ ಎರವಾಗುತ್ತದೆ. ಕೀಟನಾಶಕ ಸೇವಿಸಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ.

ಯಂತ್ರವಿಲ್ಲದೆಯೂ ಕೈಯಿಂದ ಉಸಿರು ಉಳಿಸಬಹುದೆಂಬುದಕ್ಕೆ ಇತಿಹಾಸವೇ ಸಾಕ್ಷಿ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹಬ್ಬಿದಾಗ, ವೈದ್ಯ ಬ್ಯೋರ್ನ್ ಇಬ್ಸನ್ ಅವರ ಸಲಹೆಯಂತೆ ವೈದ್ಯಕೀಯ ವಿದ್ಯಾರ್ಥಿಗಳು ಸರದಿಯಲ್ಲಿ ಹಗಲಿರುಳು ರಬ್ಬರ್ ಚೀಲಗಳನ್ನು ಒತ್ತಿ ಅನೇಕ ರೋಗಿಗಳನ್ನು ಉಳಿಸಿದರು. ಇಂದಿನ ತೀವ್ರ ನಿಗಾ ಘಟಕಗಳಿಗೆ ಅದೇ ಬುನಾದಿ.

ವೆಂಟಿಲೇಟರ್ ಎಂದರೆ ಕೊನೆಯಲ್ಲ

“ವೆಂಟಿಲೇಟರ್ ಹಾಕಿದರೆ ಮುಗಿಯಿತು” ಎಂಬ ಭಯದಿಂದ ಕೆಲವು ಕುಟುಂಬಗಳು ಒಪ್ಪಿಗೆ ನೀಡಲು ಹಿಂಜರಿಯುತ್ತವೆ. ವೆಂಟಿಲೇಟರ್ ರೋಗವನ್ನು ಗುಣಪಡಿಸುವುದಿಲ್ಲ. ಔಷಧಿ ಕೆಲಸ ಮಾಡುವವರೆಗೆ ಶ್ವಾಸಕೋಶದ ಹೊರೆಯನ್ನು ಹೊರುತ್ತದೆ. ನಳಿಕೆಯು ಧ್ವನಿತಂತುಗಳ ನಡುವೆ ಹಾದುಹೋಗುವುದರಿಂದ ರೋಗಿ ಮಾತನಾಡಲಾರರು; ಅದು ಸ್ಥಿತಿ ಬಿಗಡಾಯಿಸಿದ ಲಕ್ಷಣವಲ್ಲ. ಎಲ್ಲರೂ ಚೇತರಿಸಿಕೊಳ್ಳುವರೆಂಬ ಭರವಸೆಯನ್ನು ಯಾರೂ ನೀಡಲಾರರು. ಆದರೆ ಚೇತರಿಸಿಕೊಳ್ಳಬಲ್ಲವರು ದಾರಿಯಲ್ಲಿಯೇ ಉಸಿರುಗಟ್ಟಿ ಸಾಯದಂತೆ ನೋಡಿಕೊಳ್ಳುವುದು ನಮ್ಮೆಲ್ಲರಿಂದ ಸಾಧ್ಯ. ಈ ವಿವರಣೆಯನ್ನು ಗ್ರಾಮಸಭೆಗಳಲ್ಲಿ ಓದಿ ಹೇಳಿ, ಎಡಮಗ್ಗುಲಿಗೆ ಮಲಗಿಸುವ ಕ್ರಮವನ್ನು ಪ್ರತ್ಯಕ್ಷವಾಗಿ ತೋರಿಸಲು ಕೋರಲಾಗಿದೆ.