ಹಬ್ಬದಡಿಗೆಯ ಪುಸ್ತಕ ಮತ್ತು ನಮ್ಮ ಒಲೆ

ಹಳೆಯ ಅಡುಗೆ ಪುಸ್ತಕಗಳ ಮೊದಲ ಕ್ರಿಯಾಪದ ‘ತೆಗೆದುಕೊಳ್ಳಿ’. ಒಂದು ದೀಪಾವಳಿಗೆ ತಂಗಿಯ ಮಗಳು ಯಾರದೋ ಮನೆಯಿಂದ ಅಂಥದೊಂದು ಪುಸ್ತಕ ತಂದು ಗಟ್ಟಿಯಾಗಿ ಓದಿದಳು. ಇಷ್ಟು ಸೇರು ಅಕ್ಕಿ, ಇಷ್ಟು ತೆಂಗಿನಕಾಯಿ, ಇಷ್ಟು ತುಪ್ಪ. ಒಲೆಯ ಹತ್ತಿರ ಕೂತಿದ್ದ ನನ್ನ ಅಮ್ಮ ಕೇಳಿದರು: “ಎಲ್ಲಿಂದ ತೆಗೊಳ್ಳುವುದು ಅಂತ ಅದರಲ್ಲಿ ಬರೆದಿಲ್ಲವಾ ಮಗಾ?”

ದಲಿತ ವಿಮರ್ಶೆ ಪಾಕಪುಸ್ತಕಕ್ಕೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ.

ಕನ್ನಡದಲ್ಲಿ ಅಡುಗೆಯನ್ನು ಬರೆದಿಡುವ ಪರಂಪರೆ ಹಳೆಯದು. 16ನೇ ಶತಮಾನದ ಆರಂಭದಲ್ಲಿ ಮೂರನೇ ಮಂಗರಸ ‘ಸೂಪಶಾಸ್ತ್ರ’ ಬರೆದ. ಬದನೆ, ಬಾಳೆ, ಹಲಸು ಎಲ್ಲ ಅದರಲ್ಲುಂಟು, ಮಾಂಸ ಇಲ್ಲ. ಅದಕ್ಕೂ ಹಿಂದೆ, 12ನೇ ಶತಮಾನದಲ್ಲಿ, ಕಲ್ಯಾಣ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಸಂಸ್ಕೃತ ‘ಮಾನಸೋಲ್ಲಾಸ’ದಲ್ಲಿ ಮಾಂಸ, ಮೀನು ಮಾತ್ರವಲ್ಲ, ಹೊಲದ ಇಲಿಯನ್ನು ಬೇಯಿಸುವ ವಿಧಾನವೂ ಇದೆ. ದೊರೆ ತಿಂದರೆ ಪಾಕಶಾಸ್ತ್ರ, ಹಸಿದವ ತಿಂದರೆ ಜಾತಿಯ ಗುರುತು. ಆಧುನಿಕ ಕಾಲದಲ್ಲಿ ಈ ಕೆಲಸವನ್ನು ಸಮುದಾಯಗಳೇ ವಹಿಸಿಕೊಂಡವು. ಮುಂಬಯಿಯ ಸಾರಸ್ವತ ಮಹಿಳಾ ಸಮಾಜದ ‘ರಸಚಂದ್ರಿಕಾ’ ಇದಕ್ಕೆ ಪ್ರಸಿದ್ಧ ಉದಾಹರಣೆ. ಊರು ಬಿಟ್ಟವರು ರುಚಿ ಮರೆಯಬಾರದೆಂಬ ಕಾಳಜಿ ಇಂಥ ಪುಸ್ತಕಗಳಲ್ಲಿದೆ. ಅದನ್ನು ಹಗುರವಾಗಿ ಕಾಣಬೇಕಿಲ್ಲ.

ಆದರೆ ಇವುಗಳಿಂದ ಅಡುಗೆ ಮಾಡುವವರು ಮೂರು ಸಂಗತಿ ಗಮನಿಸಬೇಕು. ಒಂದು, ಅಳತೆ. ಸೇರು, ಕುಡ್ತೆ ಎಂದಾಗ ಹಿಂದೆ ತುಂಬಿದ ಪತ್ತಾಯ ಉಂಟು ಅಂತ ಅರ್ಥ. ಎರಡು, ದುಡಿಮೆ. ‘ನುಣ್ಣಗೆ ರುಬ್ಬಿ’ ಎಂಬಲ್ಲಿ ಭತ್ತ ಕುಟ್ಟಿದವಳು, ಸೌದೆ ಹೊತ್ತವಳು ಕಾಣುವುದಿಲ್ಲ. ಮೂರು, ಎಲೆ. ಬಡಿಸಿದಲ್ಲಿಗೆ ಪುಸ್ತಕ ಮುಗಿಯುತ್ತದೆ. ಉಂಡೆದ್ದ ಎಲೆಯ ಕತೆ ಬೇರೆಯೇ ಉಂಟು. ಈಗ ಕಡಬ ತಾಲೂಕಿಗೆ ಸೇರಿರುವ ಕುಕ್ಕೆ ಸುಬ್ರಹ್ಮಣ್ಯದಲ್ಲಿ ಚಂಪಾಷಷ್ಠಿಯ ದಿನ ಬ್ರಾಹ್ಮಣರು ಉಂಡ ಎಂಜಲೆಲೆಯ ಮೇಲೆ ಉರುಳುವ ಮಡೆಸ್ನಾನ ನಡೆಯುತ್ತಿತ್ತು. ಅದನ್ನು ನಿಷೇಧಿಸಲು 2017ರ ಮೌಢ್ಯ ವಿರೋಧಿ ಕಾಯ್ದೆ ಬೇಕಾಯಿತು. ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವ ಅಜಲು ಪದ್ಧತಿಯ ವಿರುದ್ಧ 2000ದಲ್ಲಿ ಕಾಯ್ದೆ ಬಂತು. ಇವೂ ನಮ್ಮ ಜಿಲ್ಲೆಯ ಊಟದ ಚರಿತ್ರೆಯೇ.

ಹಾಗಾದರೆ ನಮ್ಮ ಪುಸ್ತಕ ಯಾವುದು? ಆಟಿ ತಿಂಗಳ ಒಂದು ಪಾಕ ಬರೆಯುತ್ತೇನೆ. ಹಲಸಿನ ಬೀಜದ ಸಿಪ್ಪೆ ತೆಗೆದು, ಜಜ್ಜಿ, ಉಪ್ಪು ಹಾಕಿ ಬೇಯಿಸಿ. ಮೆತ್ತಗಾದ ಮೇಲೆ ಎಳೆ ತಜಂಕು ಸೊಪ್ಪು ಹೆಚ್ಚಿ ಹಾಕಿ. ಒಣಮೆಣಸು, ಬೆಳ್ಳುಳ್ಳಿ, ತೆಂಗಿನತುರಿ ಅರೆದು ಸೇರಿಸಿ, ನೀರು ಆರುವ ತನಕ ಇಡಿ. ಕುಚ್ಚಲಕ್ಕಿ ಗಂಜಿಗೆ ಒಳ್ಳೆಯದಾಗುತ್ತದೆ. ತೆಂಗಿನಕಾಯಿ ಇಲ್ಲದ ವರ್ಷ ಉಪ್ಪು-ಮೆಣಸಿನಲ್ಲೇ ಮುಗಿಯುತ್ತಿತ್ತು. ಈ ಕೊನೆಯ ವಾಕ್ಯವೂ ಪಾಕದ ಭಾಗ.

ಯಾಕೆಂದರೆ ಇವತ್ತು ‘ಆಟಿಡೊಂಜಿ ದಿನ’ ಎಂದು ವೇದಿಕೆ ಕಟ್ಟಿ ಇದೇ ತಜಂಕನ್ನು ಹಬ್ಬದೂಟವಾಗಿ ಬಡಿಸುತ್ತಾರೆ. ಬಡಿಸಲಿ, ಚೆನ್ನಾಗಿಯೇ ಇರುತ್ತದೆ. ಆದರೆ ಕೂಲಿಯಿಲ್ಲದ, ಅಕ್ಕಿ ಮುಗಿದ ಮಳೆಗಾಲದಲ್ಲಿ ಗುಡ್ಡೆ ಹುಡುಕಿ ತಂದ ಸೊಪ್ಪು ಅದು. ಹಸಿವನ್ನು ಸೋಸಿ ತೆಗೆದು ರುಚಿಯನ್ನಷ್ಟೇ ಪರಂಪರೆ ಎನ್ನುವುದು ಯಜಮಾನಿಕೆಯ ಇನ್ನೊಂದು ರೂಪ.

ಮರಾಠವಾಡದ ಮಹಾರ್, ಮಾಂಗ್ ಸಮುದಾಯಗಳ ಅಡುಗೆ ಕುರಿತು ಶಾಹು ಪಾಟೋಳೆ 2015ರಲ್ಲಿ ಮರಾಠಿಯಲ್ಲಿ ಪುಸ್ತಕ ಬರೆದರು. ಅನ್ನ ಪೂರ್ಣಬ್ರಹ್ಮ ಎಂಬ ಮಾತನ್ನು ತಿರುಗಿಸಿ ‘ಅನ್ನ ಹೇ ಅಪೂರ್ಣಬ್ರಹ್ಮ’ ಎಂದು ಹೆಸರಿಟ್ಟರು. ಎಣ್ಣೆಯಿಲ್ಲದ, ಮಸಾಲೆಯಿಲ್ಲದ ಅಡುಗೆಯನ್ನು ನಾಚಿಕೆಯಿಲ್ಲದೆ, ವೈಭವೀಕರಣವೂ ಇಲ್ಲದೆ ಬರೆಯುವ ದಾರಿಯನ್ನು ಅದು ತೋರಿಸಿತು. ಅಂಥ ಕೆಲಸ ಪುತ್ತೂರು, ಸುಳ್ಯ, ಕಡಬದ ಕಾಲನಿಗಳಲ್ಲೂ ಆಗಬೇಕು. ವಿದ್ಯಾರ್ಥಿಗಳು ಅಜ್ಜಿಯರ ಹತ್ತಿರ ಕೂತು, ಏನು ಬೇಯಿಸಿದಿರಿ ಅಂತ ಮಾತ್ರ ಕೇಳಿದರೆ ಸಾಲದು. ಎಲ್ಲಿಂದ ತಂದಿರಿ, ಯಾರ ಮನೆಯ ಹಿತ್ತಿಲಲ್ಲಿ ಕಾದಿರಿ, ಹಬ್ಬದ ದಿನ ಕೊನೆಗೆ ಉಂಡವರು ಯಾರು ಅಂತಲೂ ಕೇಳಬೇಕು.

ನಮ್ಮ ಪುಸ್ತಕದ ಮೊದಲ ಕ್ರಿಯಾಪದ ಆಗ ತಾನಾಗಿ ಬದಲಾಗುತ್ತದೆ.