ಗಡಸು ನೀರು ಮತ್ತು ತಲೆಗೂದಲು

ಮನೆ ಭೇಟಿಗೆ ಹೋದಾಗ ತಾಯಂದಿರಿಂದ ನಾವು ಮೇಲಿಂದ ಮೇಲೆ ಕೇಳುವ ಮಾತೊಂದಿದೆ: “ಫಾದರ್, ಬೋರಿನ ನೀರಿಗೆ ತಲಿಗೂದಲೆಲ್ಲಾ ಉದರ್ಲತ್ತಾವ್ರಿ.” ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಹಳ್ಳಿಗಳಲ್ಲಿ ಇದು ಸಾಮಾನ್ಯ ದೂರು. ಬೇರೆ ಊರಿನಿಂದ ಮದುವೆಯಾಗಿ ಬಂದ ಸೊಸೆಯ ಕೂದಲು ತೆಳ್ಳಗಾದರೆ ‘ಈ ಊರ ನೀರು ಹಿಡಿಸಲಿಲ್ಲ’ ಎಂದು ಹೇಳಿ ಸುಮ್ಮನಾಗುತ್ತೇವೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧವನ್ನು ತಿಳಿಯದೇ ಇರುವುದರಿಂದ ಎಣ್ಣೆ, ಶಾಂಪೂಗಳಿಗೆ ಹಣ ಹೋಗುತ್ತದೆ. ಮೈಯೊಳಗಿನ ಕಾಯಿಲೆ ಮಾತ್ರ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ.

ಗಡಸು ನೀರು ಎಂದರೇನು?

ಮಳೆಯ ನೀರು ಮೆದುವಾದ ನೀರು. ಅದು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಆಮ್ಲೀಯವಾಗುತ್ತದೆ. ಭೂಮಿಗೆ ಇಳಿಯುವಾಗ ಕಲ್ಲಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಈ ಲವಣಗಳು ಹೆಚ್ಚಾಗಿರುವ ನೀರೇ ಗಡಸು ನೀರು. ಮರಾಠಿಯಲ್ಲಿ ಇದಕ್ಕೆ ‘ಜಡ ಪಾಣಿ’ ಎನ್ನುತ್ತಾರೆ. ‘ದುಷ್ಫೇನ’ ಎಂಬ ಹೆಸರೂ ಇದೆ. ಫೇನ ಎಂದರೆ ನೊರೆ. ನೊರೆ ಸರಿಯಾಗಿ ಬಾರದ ನೀರು ಎಂದು ಅದರ ಅರ್ಥ.

ನಮ್ಮ ಭಾಗದ ನೆಲ ದಖ್ಖನಿನ ಕರಿಕಲ್ಲಿನ ನೆಲ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಜ್ವಾಲಾಮುಖಿಗಳಿಂದ ಹರಿದ ಲಾವಾರಸ ಗಟ್ಟಿಯಾಗಿ ಈ ಕಲ್ಲು ಆಯಿತು. ಇದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಧಾರಾಳವಾಗಿವೆ. ಎರೆಮಣ್ಣಿನಲ್ಲಿ ಸಿಗುವ ಬಿಳಿ ಸುಣ್ಣದ ಹರಳುಗಳನ್ನು ಎಲ್ಲ ರೈತರೂ ಕಂಡಿದ್ದಾರೆ. ಕೊಳವೆಬಾವಿಯ ನೀರು ಕಲ್ಲಿನ ಸಂದುಗಳಲ್ಲಿ ಬಹುಕಾಲ ನಿಂತಿರುವುದರಿಂದ ಸಾಮಾನ್ಯವಾಗಿ ಕೆರೆಯ ಮತ್ತು ಹೊಳೆಯ ನೀರಿಗಿಂತ ಗಡಸಾಗಿರುತ್ತದೆ. ಬರಗಾಲದಲ್ಲಿ ಕೆರೆ ಬಾವಿಗಳು ಬತ್ತಿ ಊರಿಗೆ ಊರೇ ಬೋರಿನ ಮೇಲೆ ನಿಲ್ಲುತ್ತದೆ. 2016ರ ಏಪ್ರಿಲ್‌ನಲ್ಲಿ ಮೀರಜಿನಿಂದ ಲಾತೂರಿಗೆ ರೈಲಿನಲ್ಲಿ ನೀರು ತರಬೇಕಾಗಿ ಬಂದದ್ದನ್ನು ಯಾರೂ ಮರೆತಿಲ್ಲ. ಅಂಥ ವರ್ಷಗಳಲ್ಲಿ ಸಿಕ್ಕ ನೀರಿನಲ್ಲೇ ಸ್ನಾನ ಮಾಡಬೇಕು. ಅದು ಮೆದುವೋ ಗಡಸೋ ಎಂದು ಆರಿಸುವಂತಿಲ್ಲ.

ಭಾರತೀಯ ಮಾನಕ ಸಂಸ್ಥೆಯ 2012ರ ನಿಯಮದಂತೆ ಕುಡಿಯುವ ನೀರಿನ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಇಲ್ಲದಿದ್ದಲ್ಲಿ 600 ಮಿಲಿಗ್ರಾಂವರೆಗೆ ನಡೆಯುತ್ತದೆ.

ಮನೆಯಲ್ಲೇ ಪರೀಕ್ಷೆ

ಒಂದೇ ಅಳತೆಯ ಎರಡು ಬಾಟಲಿ ತೆಗೆದುಕೊಳ್ಳಿ. ಒಂದರಲ್ಲಿ ಮಳೆಯ ನೀರು, ಇನ್ನೊಂದರಲ್ಲಿ ಬೋರಿನ ನೀರು ಅರ್ಧದಷ್ಟು ತುಂಬಿ. ಎರಡಕ್ಕೂ ಸ್ನಾನದ ಸಾಬೂನಿನ ಹೆರಕಲನ್ನು ಸಮವಾಗಿ ಹಾಕಿ ಚೆನ್ನಾಗಿ ಅಲ್ಲಾಡಿಸಿ. ಮಳೆಯ ನೀರಿನಲ್ಲಿ ನೊರೆ ಎದ್ದು ನಿಲ್ಲುತ್ತದೆ. ಗಡಸು ನೀರಿನಲ್ಲಿ ನೊರೆ ಕಡಿಮೆ; ಒಡೆದ ಹಾಲಿನಂತೆ ಬಿಳಿ ಗಷ್ಟು ತೇಲುತ್ತದೆ. ಈ ಪರೀಕ್ಷೆಗೆ ಬಟ್ಟೆ ತೊಳೆಯುವ ಪುಡಿಯನ್ನು ಬಳಸಬಾರದು. ಅದು ಗಡಸು ನೀರಿನಲ್ಲೂ ನೊರೆ ಕೊಡುವುದರಿಂದ ವ್ಯತ್ಯಾಸ ತಿಳಿಯುವುದಿಲ್ಲ.

ಒಂದು ಎಚ್ಚರಿಕೆ. ನೊರೆ ಬಂದ ಮಾತ್ರಕ್ಕೆ ನೀರು ಕುಡಿಯಲು ಯೋಗ್ಯ ಎಂದಲ್ಲ. ನೈಟ್ರೇಟ್, ಫ್ಲೋರೈಡ್ ಅಥವಾ ರೋಗಾಣುಗಳು ಇದರಿಂದ ಗೊತ್ತಾಗುವುದಿಲ್ಲ. ಅದಕ್ಕೆ ಗ್ರಾಮಪಂಚಾಯಿತಿಯ ಮೂಲಕ ಪ್ರಯೋಗಾಲಯದಲ್ಲಿಯೇ ಪರೀಕ್ಷೆ ಆಗಬೇಕು.

ಕೂದಲಿಗೆ ಏನಾಗುತ್ತದೆ?

ಸಾಬೂನು ಗಡಸು ನೀರಿನೊಂದಿಗೆ ಸೇರಿದಾಗ ಆಗುವ ಆ ಗಷ್ಟು ನೀರಿನಲ್ಲಿ ಕರಗುವುದಿಲ್ಲ. ಕೂದಲಿನ ಮೇಲೆಯೂ ನೆತ್ತಿಯ ಮೇಲೆಯೂ ಅಂಟಿ ಉಳಿಯುತ್ತದೆ. ಒಣಗಿದ ಮೇಲೆ ಕೂದಲು ಒರಟಾಗುತ್ತದೆ, ಕಳೆ ಇರುವುದಿಲ್ಲ, ಸಿಕ್ಕುಗಟ್ಟುತ್ತದೆ. ನೆತ್ತಿಯ ಮೇಲಿನ ಬಿಳಿ ಪುಡಿಯನ್ನು ಹೊಟ್ಟು ಎಂದು ತಿಳಿಯುವವರೂ ಇದ್ದಾರೆ. ಸಿಕ್ಕು ಬಿಡಿಸಲು ಹಣಿಗೆಯಿಂದ ಜೋರಾಗಿ ಎಳೆದಾಗ ಕೂದಲು ನಡುವೆ ತುಂಡಾಗುತ್ತದೆ. ಸಾಬೂನು ಇಲ್ಲದೆಯೂ ಕ್ಯಾಲ್ಸಿಯಂ ಸ್ವಲ್ಪ ಮಟ್ಟಿಗೆ ಕೂದಲಿಗೆ ಅಂಟುತ್ತದೆ. ಬಣ್ಣ ಹಚ್ಚಿಸಿಕೊಂಡ ಕೂದಲಿಗೆ ಇನ್ನೂ ಹೆಚ್ಚು.

ಹಾಗಾದರೆ ಗಡಸು ನೀರು ಕೂದಲನ್ನು ದುರ್ಬಲ ಮಾಡುತ್ತದೆಯೇ? ಕೊಯಮತ್ತೂರಿನ ವೈದ್ಯರು 15 ಮಹಿಳೆಯರ ಕೂದಲನ್ನು 30 ದಿನ, ದಿನಕ್ಕೆ 10 ನಿಮಿಷ, ಗಡಸು ನೀರಿನಲ್ಲಿಯೂ ಭಟ್ಟಿ ಇಳಿಸಿದ ನೀರಿನಲ್ಲಿಯೂ ಬೇರೆ ಬೇರೆಯಾಗಿ ಇಟ್ಟು ಪರೀಕ್ಷಿಸಿದರು. 2013ರಲ್ಲಿ ಪ್ರಕಟವಾದ ಅವರ ವರದಿಯಂತೆ ಕೂದಲಿನ ಬಲದಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. 2018ರಲ್ಲಿ ಪ್ರಕಟವಾದ ಪಾಕಿಸ್ತಾನದ ಒಂದು ಅಧ್ಯಯನದಲ್ಲಿ ಗಂಡಸರ ಕೂದಲಿನ ಬಲ ಕಡಿಮೆಯಾದದ್ದು ಕಂಡಿತು. ಎರಡೂ ಪರೀಕ್ಷೆಗಳು ನಡೆದದ್ದು ಕೂದಲಿನ ಎಳೆಯ ಮೇಲೆ ಎಂಬುದನ್ನು ಗಮನಿಸಬೇಕು. ಕೂದಲು ಬೆಳೆಯುವ ಬೇರು ಚರ್ಮದ ಒಳಗಿದೆ. ಅದಕ್ಕೆ ಪೋಷಣೆ ಸಿಗುವುದು ರಕ್ತದಿಂದ, ಸ್ನಾನದ ನೀರಿನಿಂದಲ್ಲ.

ಇದು ಕೂದಲಿಗೆ ಮಾತ್ರ ಸಂಬಂಧಿಸಿದ ಸಂಗತಿಯಲ್ಲ. ನಾವೇ ಬೆಳೆದ ತೊಗರಿಯ ಬೇಳೆ ಬೋರಿನ ನೀರಿನಲ್ಲಿ ಬೇಗ ಬೇಯದೇ ಇರುವುದಕ್ಕೂ, ಹನಿ ನೀರಾವರಿಯ ತೂತುಗಳು ಬಿಳಿಯ ಹಕ್ಕಳೆ ಕಟ್ಟಿ ಮುಚ್ಚಿಹೋಗುವುದಕ್ಕೂ ಇದೇ ಲವಣಗಳು ಕಾರಣ.

ಏನು ಮಾಡಬಹುದು?

1. ತಲೆಗೆ ಮೈಸಾಬೂನು ಅಥವಾ ಬಟ್ಟೆಸಾಬೂನು ಹಚ್ಚುವುದನ್ನು ಬಿಡಬೇಕು. ಸೀಗೆಕಾಯಿ, ಅಂಟುವಾಳ (ರೀಠಾ) ಗಡಸು ನೀರಿನಲ್ಲಿ ಸಾಬೂನಿನಂತೆ ಗಷ್ಟು ಕಟ್ಟುವುದಿಲ್ಲ. ಸಾಧಾರಣ ಶಾಂಪೂ ಕೂಡ ಆಗುತ್ತದೆ, ದುಬಾರಿಯದೇ ಬೇಕೆಂದಿಲ್ಲ.

2. ತಲೆ ತೊಳೆದ ಮೇಲೆ ಕೊನೆಯ ಒಂದೆರಡು ತಂಬಿಗೆ ಮಾತ್ರ ಮೆದು ನೀರಾದರೂ ಸಾಕು. ಮಳೆಗಾಲದಲ್ಲಿ ಇದು ಸುಲಭ. 20 ಚದರ ಮೀಟರಿನ ತಗಡಿನ ಮಾಳಿಗೆಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಲೆಕ್ಕಕ್ಕೆ 200 ಲೀಟರ್, ಅಂದರೆ ಒಂದು ದೊಡ್ಡ ಪೀಪಾಯಿ ನೀರು. ಮೊದಲ ಮಳೆಯ ನೀರನ್ನು ಹರಿಯಬಿಟ್ಟು, ಆಮೇಲಿನದನ್ನು ಬಟ್ಟೆಯಲ್ಲಿ ಸೋಸಿ ತುಂಬಬೇಕು. ಪೀಪಾಯಿಯ ಬಾಯಿ ಬಿಗಿಯಾಗಿ ಮುಚ್ಚಿರಬೇಕು. ಇಲ್ಲವಾದರೆ ಡೆಂಗ್ಯೂ ಸೊಳ್ಳೆ ಅದರಲ್ಲೇ ಮೊಟ್ಟೆ ಇಡುತ್ತದೆ.

3. ಮಳೆಯ ನೀರು ಇಲ್ಲದಾಗ ಒಂದು ಪಾತ್ರೆ ನೀರನ್ನು ಕೆಲವು ನಿಮಿಷ ಚೆನ್ನಾಗಿ ಕುದಿಸಿ, ಆರಿಸಿ, ಮೇಲಿನ ತಿಳಿಯನ್ನು ಬಳಸಿರಿ. ಬೈಕಾರ್ಬೊನೇಟಿನಿಂದ ಬಂದ ಗಡಸುತನ ಇದರಿಂದ ಇಳಿಯುತ್ತದೆ. ಹಂಡೆಯ ತಳದ ಬಿಳಿ ಹಕ್ಕಳೆಯೇ ಇದಕ್ಕೆ ಸಾಕ್ಷಿ. ಸಲ್ಫೇಟ್, ಕ್ಲೋರೈಡ್‌ಗಳಿಂದ ಬಂದ ಗಡಸುತನ ಕುದಿಸಿದರೂ ಹೋಗುವುದಿಲ್ಲ.

4. ಅರ್ಧ ನಿಂಬೆಹಣ್ಣಿನ ರಸವನ್ನು ಒಂದು ತಂಬಿಗೆ ನೀರಿನಲ್ಲಿ ಬೆರೆಸಿ ಕೂದಲಿಗೆ ಸುರಿದುಕೊಂಡರೆ ಅಂಟಿದ ಗಷ್ಟು ಸಡಿಲವಾಗುತ್ತದೆ. ಆಮೇಲೆ ಒಮ್ಮೆ ನೀರು ಹಾಕಿಕೊಳ್ಳಬೇಕು. ರಸವನ್ನು ಹಾಗೆಯೇ ಹಚ್ಚಬಾರದು. ನೆತ್ತಿಯಲ್ಲಿ ಗಾಯವಿದ್ದರೆ ಇದು ಬೇಡ.

5. ಫಟಕಿ (ಪಟಿಕ) ಹಾಕಿದರೆ ರಾಡಿ ಕೆಳಗೆ ಕೂರುತ್ತದೆ, ಗಡಸುತನ ಹೋಗುವುದಿಲ್ಲ. ಬ್ಲೀಚಿಂಗ್ ಪುಡಿ ರೋಗಾಣುಗಳನ್ನು ಕೊಲ್ಲುತ್ತದೆ, ಗಡಸುತನ ತೆಗೆಯುವುದಿಲ್ಲ. ಬಟ್ಟೆಗೆ ಹಾಕುವ ವಾಷಿಂಗ್ ಸೋಡಾ ನೀರನ್ನು ಮೆದು ಮಾಡುತ್ತದೆ ನಿಜ, ಆದರೆ ಅದು ತಲೆಗೂ ಕಣ್ಣಿಗೂ ಅಪಾಯ.

ಬುಡದಿಂದ ಉದುರುತ್ತಿದ್ದರೆ

ಇಲ್ಲಿಯವರೆಗೆ ಹೇಳಿದ್ದು ನೀರಿನಿಂದ ಆಗುವ ತೊಂದರೆ. ಈಗ ನಾವು ಮುಖ್ಯವಾಗಿ ಹೇಳಬೇಕಾದ ಮಾತು. ಹಣಿಗೆಯಲ್ಲಿ ಬಂದ ಕೂದಲನ್ನು ಬೆಳಕಿಗೆ ಹಿಡಿದು ನೋಡಿರಿ. ಒಂದು ತುದಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಬಿಳಿ ಗಂಟು ಇದ್ದರೆ ಅದು ಬುಡದಿಂದ ಬಂದದ್ದು. ಗಂಟಿಲ್ಲದ ಗಿಡ್ಡ ತುಂಡುಗಳಾದರೆ ನಡುವೆ ಮುರಿದದ್ದು. ಮುರಿದರೆ ನೀರು, ಸಾಬೂನು, ಹಣಿಗೆಗಳ ಕಡೆ ನೋಡಬೇಕು. ಬುಡದಿಂದ ಬಂದರೆ ಶರೀರದ ಕಡೆ ನೋಡಬೇಕು. ದಿನಕ್ಕೆ ನೂರರವರೆಗೆ ಕೂದಲು ಉದುರುವುದು ಸಹಜ. ಅದಕ್ಕಿಂತ ಹೆಚ್ಚಾದರೆ ಕಾರಣ ಹುಡುಕಬೇಕು.

ಹೆರಿಗೆ, ಟೈಫಾಯಿಡ್, ಡೆಂಗ್ಯೂ, ಕೋವಿಡ್ ಅಥವಾ ದೊಡ್ಡ ಶಸ್ತ್ರಚಿಕಿತ್ಸೆ ಆದ ಎರಡು ಮೂರು ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಉದುರುವುದುಂಟು. ಜ್ವರ ಬಿಟ್ಟು ಬಹಳ ದಿನವಾಗಿರುವುದರಿಂದ ಅದರ ನೆನಪೇ ಇರುವುದಿಲ್ಲ, ತಪ್ಪು ನೀರಿನ ಮೇಲೆ ಬೀಳುತ್ತದೆ. ಇಂಥ ಕೂದಲು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾನಾಗಿಯೇ ಮರಳಿ ಬರುತ್ತದೆ. ಥೈರಾಯ್ಡ್ ತೊಂದರೆಯೂ ಒಂದು ಕಾರಣ. ದುಂಡಗೆ ಬೋಳಾದರೆ ಅಥವಾ ನೆತ್ತಿ ತುರಿಸಿ ಹಕ್ಕು ಕಟ್ಟಿದರೆ ವೈದ್ಯರಿಗೆ ತೋರಿಸಬೇಕು.

ಹೆಣ್ಣುಮಕ್ಕಳಲ್ಲಿ ಮೊದಲು ನೋಡಬೇಕಾದ ಕಾರಣ ರಕ್ತಹೀನತೆ ಮತ್ತು ಕಬ್ಬಿಣಾಂಶದ ಕೊರತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಮಹಾರಾಷ್ಟ್ರದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 54.2ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಎಂದರೆ ಇಬ್ಬರಲ್ಲಿ ಒಬ್ಬರಿಗಿಂತ ಹೆಚ್ಚು! ಕೂದಲು ಉದುರುವುದರ ಜೊತೆಗೆ ಆಯಾಸ, ಏದುಸಿರು, ಎದೆ ಡವಗುಟ್ಟುವುದು, ಕಣ್ಣಿನ ಒಳರೆಪ್ಪೆ ಬಿಳಿಚಿಕೊಳ್ಳುವುದು, ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವುದು ಕಂಡರೆ ತಡ ಮಾಡಬಾರದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿರಿ. ಗರ್ಭಿಣಿಯಲ್ಲದ ಮಹಿಳೆಗೆ ಅದು 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದು ಲೆಕ್ಕ. ಕಬ್ಬಿಣದ ಗುಳಿಗೆ ಸರಕಾರಿ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತದೆ. ಅದನ್ನು ಚಹಾದ ಜೊತೆ ನುಂಗಬಾರದು. ನಿಂಬೆ ಪಾನಕದೊಂದಿಗೆ ತೆಗೆದುಕೊಂಡರೆ ಚೆನ್ನಾಗಿ ಮೈಗೆ ಹತ್ತುತ್ತದೆ.

ನಮ್ಮ ಮನೆಗಳಲ್ಲಿ ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವವಳು ಸೊಸೆ. ನೀರು ಹೊತ್ತು ತರುವವಳೂ ಅವಳೇ, ರಾಶಿಯ ಕಾಲದಲ್ಲಿ ಹೊಲದಲ್ಲಿ ದುಡಿಯುವವಳೂ ಅವಳೇ. ಅವಳ ಕೂದಲು ಉದುರಿದರೆ ಊರ ನೀರನ್ನು ದೂರುವ ಮೊದಲು ಅವಳ ತಟ್ಟೆಯನ್ನು ನೋಡಬೇಕು. ಬೇಳೆ, ಕಾಳು, ಸೊಪ್ಪು, ಶೇಂಗಾ, ಸಜ್ಜೆ, ಅನುಕೂಲವಿದ್ದರೆ ಮೊಟ್ಟೆ, ಮಾಂಸ ಅವಳ ಪಾಲಿಗೂ ಬರಬೇಕು. ಅವಳನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗುವುದು ಗಂಡನ ಮತ್ತು ಅತ್ತೆ ಮಾವಂದಿರ ಹೊಣೆ. ನೆಲದೊಳಗಿನ ನೀರನ್ನು ನಾವು ಬದಲಿಸಲಾರೆವು. ಉಣ್ಣುವ ಸರದಿಯನ್ನು ಈ ಸಂಜೆಯಿಂದಲೇ ಬದಲಿಸಬಹುದು.